ಓದುಗರ ಪ್ರಶ್ನೆ: ಖಾಸಿ, ಲಿಥುವೇನಿಯನ್ ಮತ್ತು ನಮ್ಮ ‘ಬಂದನು’

ಹೋದ ಸಂಚಿಕೆಯಲ್ಲಿ ಯಾವುದೋ ಪ್ರಶ್ನೆಗೆ ಉತ್ತರ ಬರೆಯುವಾಗ, ಮೇಘಾಲಯದ ಖಾಸಿ ಭಾಷೆಯಲ್ಲೂ ಯುರೋಪಿನ ಲಿಥುವೇನಿಯನ್ ಭಾಷೆಯಲ್ಲೂ ಸೂರ್ಯ ಹೆಣ್ಣು, ಚಂದ್ರ ಗಂಡು ಅಂತ ಒಂದೇ ಒಂದು ಸಾಲು ಬರೆದಿದ್ದೆ. ಆ ಸಾಲು ಹಿಡಿದುಕೊಂಡು ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಬಂದವುಗಳಲ್ಲಿ ಆರನ್ನು ಆರಿಸಿ ಈ ಸಲದ ಜಾಗವನ್ನೆಲ್ಲ ಅದಕ್ಕೇ ಕೊಟ್ಟಿದ್ದೇನೆ.

ಸೂರ್ಯ ಎರಡೂ ಕಡೆ ಹೆಣ್ಣು ಅಂದಮೇಲೆ ಈ ಎರಡು ಭಾಷೆಗಳ ಮೂಲ ಒಂದೇ ಇರಬೇಕಲ್ವಾ?
— ಪಿಯುಸಿ ವಿದ್ಯಾರ್ಥಿನಿ, ಜಮಖಂಡಿ

ಇಲ್ಲ ತಂಗಿ, ಮೂಲ ಬೇರೆ ಬೇರೆ. ಆದರೆ ನಿನ್ನ ಪ್ರಶ್ನೆ ಬಹಳ ಒಳ್ಳೆಯದು. ಭಾಷೆಗಳ ನಂಟನ್ನು ಹೇಗೆ ಹುಡುಕುತ್ತಾರೆ ಅನ್ನೋದು ಇಲ್ಲಿಂದಲೇ ಶುರುವಾಗುತ್ತದೆ.

ಮೊದಲು ಸೂರ್ಯನ ಹೆಸರನ್ನೇ ನೋಡೋಣ. ಖಾಸಿಯಲ್ಲಿ ಸೂರ್ಯ ‘ಕಾ ಸ್ಙಿ’. ಆ ‘ಕಾ’ ಹೆಣ್ಣಿನ ಗುರುತು. ‘ಸ್ಙಿ’ ಅಂದರೆ ಸೂರ್ಯನೂ ಹೌದು, ಹಗಲೂ ಹೌದು. ಇದರ ಬಂಧುಗಳು ಕಾಂಬೋಡಿಯದ ಖಮೇರ್ ಭಾಷೆಯ ‘ಥ್ಙೈ’, ವಿಯೆಟ್ನಾಮಿನ ‘ಙಾಯ್’. ಖಾಸಿ ಇರುವುದು ಆ ಮನೆತನದಲ್ಲಿ, ಅದಕ್ಕೆ ಆಸ್ಟ್ರೋ-ಏಷ್ಯಾಟಿಕ್ ಅಂತ ಹೆಸರು. ನಮ್ಮ ದೇಶದ ಸಂತಾಲಿ, ಮುಂಡಾರಿ ಕೂಡ ಅದೇ ಮನೆತನದವು. ಲಿಥುವೇನಿಯನ್‌ನಲ್ಲಿ ಸೂರ್ಯ ‘ಸೌಲೇ’. ಇದು ಲ್ಯಾಟಿನ್ನಿನ ‘ಸೋಲ್’, ಸಂಸ್ಕೃತದ ‘ಸೂರ್ಯ’ ಇವುಗಳ ಬಳಗ, ಅಂದರೆ ಇಂಡೋ-ಯುರೋಪಿಯನ್. ಹೆಣ್ಣು ಅನ್ನುವುದು ಎರಡೂ ಕಡೆ ಒಂದೇ. ಆದರೆ ಆ ಹೆಣ್ಣಿನ ತವರುಮನೆ ಬೇರೆ ಬೇರೆ.

ಹಾಗಾದರೆ ಹೋಲಿಕೆ ಹೇಗೆ ಬಂತು? ಎರಡೂ ಭಾಷೆಯಲ್ಲಿ ಇರುವುದು ಎರಡೇ ಲಿಂಗ, ನಮ್ಮ ‘ಅದು’ ಅನ್ನುವ ನಪುಂಸಕ ಇಲ್ಲ. ಸೂರ್ಯ ಚಂದ್ರ ಇಬ್ಬರನ್ನೂ ಆ ಎರಡರಲ್ಲೇ ಹಂಚಬೇಕು. ನಾಲ್ಕೇ ದಾರಿ. ಅದರಲ್ಲಿ ಎರಡು ಭಾಷೆ ಒಂದೇ ದಾರಿ ಹಿಡಿದರೆ ಅದು ದೊಡ್ಡ ಪವಾಡವೇನಲ್ಲ. ಜರ್ಮನ್ ಭಾಷೆಯಲ್ಲೂ ಅರೇಬಿಕ್‌ನಲ್ಲೂ ಸೂರ್ಯ ಹೆಣ್ಣು, ಚಂದ್ರ ಗಂಡೇ.

ನಂಟು ಪಕ್ಕಾ ಆಗಬೇಕಾದರೆ ಶಬ್ದಗಳು ಲೆಕ್ಕ ತಪ್ಪದೆ ಹೊಂದಬೇಕು. ನಮ್ಮ ಹಾಲು ತಮಿಳಿನಲ್ಲಿ ಪಾಲ್, ಹುಲಿ ಪುಲಿ, ಹಲ್ಲು ಪಲ್, ಹತ್ತು ಪತ್ತು. ಒಂದು ಮಾತು ಹೊಂದಿದರೆ ಆಕಸ್ಮಿಕ ಅನ್ನಬಹುದು, ಸಾಲುಸಾಲಾಗಿ ‘ಹ’ ಇದ್ದಲ್ಲಿ ‘ಪ’ ಬಂದರೆ ಅದು ರಕ್ತಸಂಬಂಧ. (ಹಳಗನ್ನಡದಲ್ಲಿ ನಾವೂ ಪಾಲ್, ಪುಲಿ ಅಂತಲೇ ಅಂತಿದ್ದೆವು.) ಹೀಗೇ ಖಾಸಿಯ ‘ಖ್ಮಾತ್’ ಅಂದರೆ ಕಣ್ಣು, ವಿಯೆಟ್ನಾಮಿನಲ್ಲಿ ‘ಮಾತ್’. ಖಾಸಿಯ ‘ಖುನ್’ ಅಂದರೆ ಮಗು, ವಿಯೆಟ್ನಾಮಿನಲ್ಲಿ ‘ಕೋನ್’, ಖಮೇರ್‌ನಲ್ಲಿ ‘ಕೌನ್’. ಖಾಸಿಯ ‘ಸಿಮ್’ ಹಕ್ಕಿ, ಸಂತಾಲಿಯ ‘ಸಿಮ್’ ಕೋಳಿ. ಖಾಸಿಗೂ ಲಿಥುವೇನಿಯನ್‌ಗೂ ನಡುವೆ ಇಂಥ ಸಾಲು ಸಿಗುವುದಿಲ್ಲ.

ಕಥೆ ಮಾತ್ರ ಹೇಳದೆ ಬಿಡಲಾರೆ. ಖಾಸಿ ಜನರ ಪ್ರಕಾರ ಸೂರ್ಯ ಅಕ್ಕ, ಚಂದ್ರ ತಮ್ಮ. ಒಡಹುಟ್ಟಿದವಳನ್ನೇ ಮದುವೆಯಾಗುತ್ತೇನೆ ಅಂತ ಅವನು ಹಟ ಹಿಡಿದಾಗ ಅಕ್ಕ ಸಿಟ್ಟಿಗೆದ್ದು ಒಲೆಯ ಬಿಸಿ ಬೂದಿಯನ್ನು ಅವನ ಮುಖಕ್ಕೆ ಎರಚಿದಳು, ಆ ಬೂದಿಯೇ ಇವತ್ತಿಗೂ ಚಂದ್ರನ ಮೇಲೆ ಕಾಣುವ ಕಲೆ. ನಾವು ಅಲ್ಲಿ ಮೊಲ ನೋಡುತ್ತೇವೆ, ಅವರು ಬೂದಿ ನೋಡುತ್ತಾರೆ. ಲಿಥುವೇನಿಯದ ಹಳೆಯ ಹಾಡಿನಲ್ಲಿ ಇವರಿಬ್ಬರೂ ಗಂಡ ಹೆಂಡತಿ. ಚಂದ್ರ ಹೆಂಡತಿಯನ್ನು ಬಿಟ್ಟು ಬೆಳಗಿನ ಚುಕ್ಕೆಯ ಹಿಂದೆ ಹೋದ. ಗುಡುಗಿನ ದೇವರು ಪೆರ್ಕೂನಸ್ ಸಿಟ್ಟಾಗಿ ಕತ್ತಿಯಿಂದ ಅವನನ್ನು ಎರಡು ಹೋಳು ಮಾಡಿದ. ಎರಡೂ ಕಡೆ ತಪ್ಪು ಮಾಡಿದವನು ಚಂದ್ರನೇ.

ಇನ್ನೊಂದು ಸಂಗತಿ. ಖಾಸಿಯ ‘ಬ್ನಾಯ್’ ಅಂದರೆ ಚಂದ್ರ, ತಿಂಗಳು ಎರಡೂ. ಲಿಥುವೇನಿಯನ್ ‘ಮೇನುವೊ’ ಅಂದರೂ ಚಂದ್ರ, ತಿಂಗಳು ಎರಡೂ. ನಮ್ಮ ‘ತಿಂಗಳು’ ಮಾತ್ರ ಬೇರೆಯೇ? ಬೆಳ್ದಿಂಗಳು ಅನ್ನುತ್ತೇವಲ್ಲ, ಅಲ್ಲಿರುವ ತಿಂಗಳು ಚಂದ್ರನೇ. ಮೂರು ಮನೆತನದ ಮೂರು ಭಾಷೆ, ಮೂರೂ ಒಂದೇ ಆಕಾಶ ನೋಡಿ ಒಂದೇ ಲೆಕ್ಕ ಹಾಕಿವೆ.

ಲಿಥುವೇನಿಯದ ಜನ ಸಂಸ್ಕೃತವನ್ನೇ ಮಾತಾಡುತ್ತಾರೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜವೇ?
— ನಿವೃತ್ತ ಬ್ಯಾಂಕ್ ನೌಕರರು, ವಿಜಯಪುರ

ಸಂಸ್ಕೃತ ಅಲ್ಲ ಸರ್. ಆದರೆ ಹಾಗೆ ಬರೆದವರಿಗೆ ಯಾಕೆ ಹಾಗನ್ನಿಸಿತು ಅನ್ನೋದು ಅರ್ಥವಾಗುತ್ತದೆ. ಈ ಮಾತುಗಳನ್ನು ಜೋರಾಗಿ ಓದಿ: ಸೂನುಸ್ ಅಂದರೆ ಮಗ, ನಮ್ಮ ಹಳೆಯ ಕಾವ್ಯಗಳ ‘ಸೂನು’. ವೀರಸ್ ಅಂದರೆ ಗಂಡಸು. ಉಗ್ನಿಸ್ ಅಂದರೆ ಬೆಂಕಿ. ದೂಮೈ ಅಂದರೆ ಹೊಗೆ. ದಂತಿಸ್ ಅಂದರೆ ಹಲ್ಲು. ಮೆದುಸ್ ಅಂದರೆ ಜೇನು. ದಿಯೆವಸ್ ಅಂದರೆ ದೇವರು. ಮೈ ಜುಂ ಅನ್ನುತ್ತದೆ ಅಲ್ವಾ? ಸಂಸ್ಕೃತದಲ್ಲಿ ‘ಶ’ ಇರುವಲ್ಲಿ ಲಿಥುವೇನಿಯನ್‌ನಲ್ಲೂ ‘ಶ’ ಬರುವುದನ್ನು ನೋಡಿ: ಶತಕ್ಕೆ ಶಿಮ್ತಸ್, ದಶಕ್ಕೆ ದೇಶಿಮ್ತ್, ಶ್ವಾನಕ್ಕೆ ಶುವೊ, ಅಶ್ರುವಿಗೆ ಆಶರಾ. ಮೇಲೆ ಹೇಳಿದೆನಲ್ಲ, ‘ಹ’ ಮತ್ತು ‘ಪ’ ಲೆಕ್ಕ, ಇದೂ ಅದೇ ತರಹದ ಲೆಕ್ಕ. ಇದು ಹೊಂದುತ್ತದೆ. ಅದಕ್ಕೇ ನಂಟು ನಿಜ.

ಆದರೆ ನಂಟು ಎಂಥದ್ದು? ಸಂಸ್ಕೃತದ ಮಗಳಲ್ಲ ಅದು. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳ ಸಂಬಂಧ. ಮುತ್ತಜ್ಜಿ ಒಬ್ಬಳೇ, ಅವಳ ಕಪಾಟಿನ ಸೀರೆಯನ್ನು ಒಂದು ಮನೆಯವರು ಜಾಸ್ತಿ ಜೋಪಾನವಾಗಿ ಇಟ್ಟರು, ಇನ್ನೊಂದು ಮನೆಯವರು ಹರಿದು ಕೌದಿ ಹೊಲಿದರು. ಇಂಗ್ಲಿಷ್ ಕೌದಿ ಹೊಲಿದ ಮನೆ. ಲಿಥುವೇನಿಯನ್ ಜೋಪಾನ ಮಾಡಿದ ಮನೆ. ಹಾಗಂತ ಕಾಶಿಯ ಪಂಡಿತರೊಬ್ಬರು ಲಿಥುವೇನಿಯದ ರಾಜಧಾನಿ ವಿಲ್ನಿಯಸ್‌ನ ಸಂತೆಗೆ ಹೋದರೆ ಅಲ್ಲಿಯ ಮಾತು ತಿಳಿಯುವುದಿಲ್ಲ. ಸಾವಿರಾರು ವರ್ಷದ ಅಂತರ ಇದೆ. ಬರವಣಿಗೆಯಲ್ಲಿ ನಮಗೆ ಲಿಥುವೇನಿಯನ್ ಸಿಗುವುದೇ 16ನೇ ಶತಮಾನದಿಂದ, ಮೊದಲ ಮುದ್ರಿತ ಪುಸ್ತಕ 1547ರದು. ಅಷ್ಟು ತಡವಾಗಿ ಬರವಣಿಗೆಗೆ ಬಂದ ಭಾಷೆ ಅಷ್ಟು ಹಳೆಯ ರೂಪ ಉಳಿಸಿಕೊಂಡಿತ್ತು ಅನ್ನೋದೇ ವಿದ್ವಾಂಸರನ್ನು ಅಲ್ಲಿಗೆ ಎಳೆದದ್ದು. ಜರ್ಮನ್ ವಿದ್ವಾಂಸ ಶ್ಲೈಖರ್ 1852ರಲ್ಲಿ ಆಗ ಜರ್ಮನರ ಆಳ್ವಿಕೆಯಲ್ಲಿದ್ದ ಪೂರ್ವ ಪ್ರಶ್ಯದ ಹಳ್ಳಿಗಳಿಗೆ ಹೋಗಿ ರೈತರ ಬಾಯಿಂದ ಕೇಳಿ ಕಲಿತರು, 1856ರಲ್ಲಿ ಅದರ ವ್ಯಾಕರಣ ಪ್ರಕಟಿಸಿದರು. ಕಾಲ್ಡ್‌ವೆಲ್ ಅವರ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬಂದದ್ದೂ 1856ರಲ್ಲೇ.

ಒಂದು ಎಚ್ಚರ ನಮಗೂ ಬೇಕು. ದಂತ, ಅಶ್ರು, ದಶ ನಮಗೆ ಗೊತ್ತಿರುವುದು ನಾವು ಸಂಸ್ಕೃತದಿಂದ ಸಾಲ ತಂದದ್ದರಿಂದ. ನಮ್ಮ ಸ್ವಂತ ಮಾತು ಹಲ್ಲು, ಕಣ್ಣೀರು, ಹತ್ತು. ಸಾಲದ ಚೀಟಿ ತೋರಿಸಿ ನಾವೂ ಬೀಗರು ಅನ್ನಲಿಕ್ಕೆ ಬರುವುದಿಲ್ಲ.

ಅವರದೊಂದು ಗಾದೆ ಇದೆ. ‘ದಿಯೆವಸ್ ದಾವೇ ದಂತಿಸ್, ದುವೊಸ್ ಇರ್ ದುವೊನೊಸ್.’ ದೇವರು ಹಲ್ಲು ಕೊಟ್ಟ, ರೊಟ್ಟಿಯನ್ನೂ ಕೊಡುತ್ತಾನೆ. ಅವರದು ರೈ ಅನ್ನುವ ಕಾಳಿನ ಕಪ್ಪು ರೊಟ್ಟಿ, ನಮ್ಮದು ಬಿಳಿಜೋಳದ್ದು. ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ ಅಂತ ನಮ್ಮ ಕಡೆ ಅನ್ನುವುದಿಲ್ಲವೇ, ಅದೇ ನಂಬಿಕೆ.

ಕನ್ನಡದವರಿಗೆ ಈ ಎರಡರಲ್ಲಿ ಯಾವುದು ಕಲಿಯಲು ಸುಲಭ? ನಮ್ಮ ವ್ಯಾಕರಣಕ್ಕೆ ಯಾವುದು ಹತ್ತಿರ?
— ಪ್ರೌಢಶಾಲೆ ಶಿಕ್ಷಕರು, ಇಳಕಲ್

ಈ ಪ್ರಶ್ನೆಗೆ ಒಂದು ಮನೆಯ ಸಂಗತಿ ಹೇಳಬೇಕು. ಕೆಲವು ವರ್ಷದ ಹಿಂದೆ ಬೆಳಗಾವಿಯ ನಮ್ಮ ಮನೆಯ ಮೇಲಿನ ರೂಮಿನಲ್ಲಿ ಶಿಲ್ಲಾಂಗಿನ ಹುಡುಗಿಯೊಬ್ಬಳು ಬಾಡಿಗೆಗೆ ಇದ್ದಳು, ಇಲ್ಲಿ ಓದಲು ಬಂದವಳು. ಸಂಜೆ ಅಡುಗೆಮನೆಯಲ್ಲಿ ನಮ್ಮ ಅತ್ತೆಯ ಹತ್ತಿರ ಕೂತು ಕನ್ನಡ ಕಲಿಯುತ್ತಿದ್ದಳು. ಒಂದು ದಿನ ಬಾಗಿಲಲ್ಲಿ ಬೆಕ್ಕು ಕಂಡಿತು. ‘ಬೆಕ್ಕು ಬಂದಳು’ ಅಂದಳು. ಅತ್ತೆ, ‘ಬಂದ್ಳು ಅಲ್ಲವಾ, ಬಂತು’ ಅಂದರು. ಮರುದಿನ ಮೋಡ ಕವಿದು ಹನಿ ಬಿದ್ದಾಗ ಓಡಿ ಬಂದು ‘ಮಳೆ ಬಂದನು’ ಅಂದಳು. ಅತ್ತೆ ಒಂದು ಗಳಿಗೆ ಸುಮ್ಮನಿದ್ದು, ‘ಇದು ನಡೀತದ ನೋಡು, ಮಳಿರಾಯ ಬಂದಾ ಅಂತೀವಲ್ಲ ನಾವೂನು’ ಅಂದರು.

ಅವಳು ತಪ್ಪು ಮಾಡುತ್ತಿರಲಿಲ್ಲ, ಅವಳ ಭಾಷೆ ಮಾಡಿಸುತ್ತಿತ್ತು. ಖಾಸಿಯಲ್ಲಿ ಬೆಕ್ಕು ‘ಕಾ ಮ್ಯಾವ್’, ಹೆಣ್ಣು. ಮಳೆ ‘ಉ ಸ್ಲಾಪ್’, ಗಂಡು. ಹೆಸರಿನ ಮುಂದೆ ಸಾಮಾನ್ಯವಾಗಿ ‘ಉ’ ಅಥವಾ ‘ಕಾ’ ಇರುತ್ತದೆ, ಜಾಸ್ತಿ ಇದ್ದರೆ ‘ಕಿ’. ಮರಾಠಿ ಬಲ್ಲ ನಮ್ಮ ಬೆಳಗಾವಿಯವರಿಗೆ ನಿರ್ಜೀವ ವಸ್ತುವಿಗೂ ಲಿಂಗ ಇರುವುದು ಹೊಸದಲ್ಲ. ಆದರೆ ಗುರುತು ಹೀಗೆ ಬಾಗಿಲಲ್ಲೇ ನಿಂತಿರುವುದು ಹೊಸದು.

ಈಗ ‘ಬಂದನು’ ಅನ್ನುವ ಮಾತನ್ನು ಬಿಡಿಸಿ. ಮೊದಲು ಬರುವ ಕ್ರಿಯೆ, ಆಮೇಲೆ ಮುಗಿದ ಕಾಲ ತೋರಿಸುವ ‘ದ’, ಕೊನೆಗೆ ಗಂಡು ಅಂತ ತೋರಿಸುವ ‘ಅನು’. ಖಾಸಿಯಲ್ಲಿ ಇದೇ ಮಾತು ‘ಉ ಲಾ ವಾನ್’. ‘ಉ’ ಅಂದರೆ ಅವನು, ‘ಲಾ’ ಮುಗಿದ ಕಾಲ, ‘ವಾನ್’ ಅಂದರೆ ಬರು. ಕನ್ನಡಿಯಲ್ಲಿ ನೋಡಿದ ಹಾಗೆ ಪೂರ್ತಿ ತಿರುವುಮುರುವು! ಬಂದಳು ಅಂದರೆ ‘ಕಾ ಲಾ ವಾನ್’. ನಾನು ಇದನ್ನು ಒಂದು ಕಾಗದದ ಮೇಲೆ ಬರೆದು ಆ ಹುಡುಗಿಗೆ ತೋರಿಸಿದ ದಿನದಿಂದ ಅವಳು ‘ಬಂದನು, ಬಂದಳು’ ತಪ್ಪಲಿಲ್ಲ. ನಪುಂಸಕ ಮಾತ್ರ ಕೊನೆಯವರೆಗೂ ಕಷ್ಟವಾಯಿತು. ನಮ್ಮದು ಎಲ್ಲವನ್ನೂ ಹಿಂದೆ ಪೋಣಿಸುವ ಭಾಷೆ, ಅವರದು ಎಲ್ಲವನ್ನೂ ಮುಂದೆ ಇಡುವ ಭಾಷೆ. ತಿನ್ನು ಅನ್ನುವುದಕ್ಕೆ ನಾವು ಹಿಂದೆ ಸೇರಿಸಿ ‘ತಿನಿಸು’ ಮಾಡಿಕೊಳ್ಳುತ್ತೇವೆ. ಅವರು ‘ಬಾಮ್’ ಅನ್ನುವುದರ ಮುಂದೆ ‘ಜಿಂಗ್’ ಸೇರಿಸಿ ‘ಜಿಂಗ್‌ಬಾಮ್’ ಮಾಡುತ್ತಾರೆ. ಸಾಯು, ಸಾಯಿಸು ನಮ್ಮದು. ‘ಯಾಪ್’, ‘ಪಿನ್‌ಯಾಪ್’ ಅವರದು.

ಲಿಥುವೇನಿಯನ್‌ನಲ್ಲಿ ಬಂದನು ಅನ್ನಲು ‘ಅತೇಯೊ’. ಬಂದಳು ಅನ್ನಲೂ ಅತೇಯೊ. ಬಂದರು ಅನ್ನಲೂ ಅತೇಯೊ! ನಾಮಪದಕ್ಕೆ ಅಷ್ಟೊಂದು ಲಿಂಗ ನೋಡುವ ಭಾಷೆ, ಅವನು, ಅವಳು, ಅವರು ಅನ್ನುವಾಗ ಕ್ರಿಯಾಪದದಲ್ಲಿ ಗಂಡು ಹೆಣ್ಣು, ಒಂದು ಹಲವು ಯಾವುದನ್ನೂ ನೋಡುವುದಿಲ್ಲ. ನನಗೆ ಇದು ಬಹಳ ಸೋಜಿಗ.

ವಿಭಕ್ತಿಗೆ ಬಂದರೆ ಮಾತ್ರ ಲಿಥುವೇನಿಯನ್ ನಮಗೆ ಹತ್ತಿರ ಕೂರುತ್ತದೆ. ಅದರಲ್ಲಿ ಸಂಬೋಧನೆ ಸೇರಿ ಏಳು ವಿಭಕ್ತಿ. ಮನೆ ‘ನಾಮಸ್’, ಮನೆಯ ‘ನಾಮೊ’, ಮನೆಗೆ ‘ನಾಮುಯಿ’, ಮನೆಯನ್ನು ‘ನಾಮಾ’, ಮನೆಯಲ್ಲಿ ‘ನಮೆ’. ಶಾಲೆಯಲ್ಲಿ ಉ-ಅನ್ನು-ಇಂದ-ಗೆ ಬಾಯಿಪಾಠ ಮಾಡಿದ ನಿಮ್ಮ ಮಕ್ಕಳಿಗೆ ವಿಭಕ್ತಿ ಅಂದರೇನು ಅಂತ ಹೇಳಿಕೊಡುವ ಕೆಲಸವೇ ಇಲ್ಲ. ಇಂಗ್ಲಿಷ್ ಹುಡುಗರು ಅಲ್ಲೇ ಮುಗ್ಗರಿಸುತ್ತಾರೆ. ಆದರೆ ಒಂದು ಫರಕು ಇದೆ. ನಾವು ‘ಮನೆಗಳಲ್ಲಿ’ ಅಂದಾಗ ‘ಗಳು’ ಬೇರೆ, ‘ಅಲ್ಲಿ’ ಬೇರೆ, ಮಣಿ ಪೋಣಿಸಿದ ಹಾಗೆ ಬಿಡಿಸಬಹುದು. ಅವರ ‘ನಮುವೊಸೆ’ಯಲ್ಲಿ ಹಲವು ಅನ್ನುವುದೂ ಒಳಗೆ ಅನ್ನುವುದೂ ಒಂದೇ ತುದಿಯಲ್ಲಿ ಕರಗಿಹೋಗಿವೆ, ಬೆಲ್ಲ ಹಾಕಿದ ಪಾನಕದಲ್ಲಿ ಬೆಲ್ಲ ಎಲ್ಲಿದೆ ಅಂತ ತೋರಿಸಲು ಬಾರದ ಹಾಗೆ. ಅದೂ ಹೆಸರು ಯಾವ ಗುಂಪಿನದು ಅನ್ನುವುದರ ಮೇಲೆ ತುದಿ ಬದಲಾಗುತ್ತದೆ, ಬಾಯಿಪಾಠ ಜಾಸ್ತಿ. ಖಾಸಿಯಲ್ಲಿ ಮನೆ ‘ಯಿಂಗ್’. ಅದು ಅಲುಗಾಡುವುದೇ ಇಲ್ಲ. ಮನೆಗೆ ‘ಶಾ ಯಿಂಗ್’, ಮನೆಯಿಂದ ‘ನಾ ಯಿಂಗ್’, ಮನೆಯಲ್ಲಿ ‘ಹಾ ಯಿಂಗ್’, ಮನೆಗಳಲ್ಲಿ ‘ಹಾ ಕಿ ಯಿಂಗ್’.

ಹಾಗಾಗಿ ವ್ಯಾಕರಣ ಖಾಸಿಯದು ಸುಲಭ, ಉಚ್ಚಾರ ಕಷ್ಟ. ಸ್ಟೇಶನ್ ಅನ್ನು ಇಷ್ಟೇಶನ್ ಮಾಡಿಕೊಳ್ಳುವ ನಮ್ಮ ನಾಲಿಗೆ ‘ಸ್ಙಿ’, ‘ಬ್ನಾಯ್’, ‘ಕ್ಸೆವ್’ ಅನ್ನಲು ಸ್ವಲ್ಪ ದಿನ ಒದ್ದಾಡಬೇಕು. ‘ಕ್ಸೆವ್’ ಅಂದರೆ ನಾಯಿ. ಲಿಥುವೇನಿಯನ್ ಉಚ್ಚಾರ ಬೇಗ ಬರುತ್ತದೆ, ವ್ಯಾಕರಣಕ್ಕೆ ವರ್ಷಗಳು ಬೇಕು. ಮತ್ತೊಂದು ಗುಣ ಅದರದು ನಮ್ಮ ಹಾಗೇ. ಹೊರಗಿನ ಮಾತು ಬಂದರೆ ತನ್ನ ಬಾಲ ಹಚ್ಚದೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಾವು ಬಸ್ಸು, ಫೋನು ಅಂದ ಹಾಗೆ ಅವರು ಔತೊಬುಸಸ್, ತೆಲೆಫೊನಸ್ ಅನ್ನುತ್ತಾರೆ.

ಎರಡಕ್ಕೂ ಇಂಗ್ಲಿಷ್ ಅಕ್ಷರ ಯಾಕೆ? ಸ್ವಂತ ಲಿಪಿ ಇಲ್ಲವೇ?
— ಮುದ್ರಣಾಲಯ ನಡೆಸುವವರು, ಗೋಕಾಕ

ಅವು ರೋಮನ್ ಅಕ್ಷರಗಳು, ಇಂಗ್ಲಿಷಿನ ಸ್ವತ್ತಲ್ಲ. ಅದೂ ಎರಡು ಕಡೆಯೂ ಬಂದ ದಾರಿ ಬೇರೆ.

ಖಾಸಿಯನ್ನು ಮೊದಲು ಬಂಗಾಳಿ ಲಿಪಿಯಲ್ಲಿ ಬರೆಯಲು ನೋಡಿದರು, ಅದು ನಿಲ್ಲಲಿಲ್ಲ. 1841ರಲ್ಲಿ ಥಾಮಸ್ ಜೋನ್ಸ್ ಅನ್ನುವ ಮಿಷನರಿ ಸೊಹ್ರಾಕ್ಕೆ, ಅಂದರೆ ನಾವು ಚಿರಾಪುಂಜಿ ಅನ್ನುವ ಊರಿಗೆ ಬಂದರು. ಅವರು ಇಂಗ್ಲೆಂಡಿನವರಲ್ಲ, ವೇಲ್ಸ್‌ನವರು. ವೆಲ್ಶ್ ಭಾಷೆ ಬರೆಯುವ ರೂಢಿಯಲ್ಲೇ ಖಾಸಿ ಬರೆದರು. ಅದಕ್ಕೇ ಇವತ್ತಿಗೂ ಖಾಸಿ ಮಕ್ಕಳ ವರ್ಣಮಾಲೆ ‘ಎ ಬಿ ಸಿ ಡಿ’ ಅಲ್ಲ, ‘ಎ ಬಿ ಕೆ ಡಿ’. ಒಟ್ಟು 23 ಅಕ್ಷರ, ಅದರಲ್ಲಿ ‘ಙ’ಗೆ ಒಂದು ಜೋಡಿ ಅಕ್ಷರ.

ಲಿಥುವೇನಿಯದ ಕಥೆ ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ದೇಶ ರಷ್ಯದ ಝಾರ್ ಕೈಯಲ್ಲಿತ್ತು. 1863ರ ದಂಗೆಯ ಬಳಿಕ ರೋಮನ್ ಅಕ್ಷರದಲ್ಲಿ ಲಿಥುವೇನಿಯನ್ ಅಚ್ಚು ಮಾಡುವುದನ್ನೇ ನಿಷೇಧಿಸಿದರು, ರಷ್ಯನ್ ಅಕ್ಷರದಲ್ಲೇ ಬರೆಯಿರಿ ಅಂದರು. 1904ರವರೆಗೆ, ಹತ್ತಿರ ಹತ್ತಿರ 40 ವರ್ಷ. ಜನ ಒಪ್ಪಲಿಲ್ಲ. ಗಡಿಯಾಚೆ ಪೂರ್ವ ಪ್ರಶ್ಯದಲ್ಲಿ ಪುಸ್ತಕ ಅಚ್ಚು ಮಾಡಿಸಿ, ರಾತ್ರಿ ಹೊತ್ತು ಬೆನ್ನ ಮೇಲೆ ಹೊತ್ತು ಗಡಿ ದಾಟಿಸಿದರು. ಸಿಕ್ಕಿಬಿದ್ದ ಎಷ್ಟೋ ಜನರನ್ನು ಸೈಬೀರಿಯಕ್ಕೆ ಗಡಿಪಾರು ಮಾಡಿದರು. ಆ ಪುಸ್ತಕ ಹೊತ್ತವರಿಗೆ ‘ಕ್ನಿಗ್ನೆಶಿಸ್’ ಅನ್ನುತ್ತಾರೆ. ಅವರಲ್ಲಿ ಹೆಸರಾದ ಯುರ್ಗಿಸ್ ಬಿಯೆಲಿನಿಸ್ ಹುಟ್ಟಿದ ಮಾರ್ಚ್ 16 ಅಲ್ಲಿ ಪುಸ್ತಕ ಹೊತ್ತವರ ದಿನ. ಪೆತ್ರಸ್ ರಿಮ್ಶಾ ಅನ್ನುವ ಶಿಲ್ಪಿ ಮಾಡಿದ ಒಂದು ಶಿಲ್ಪವಿದೆ: ತಾಯಿ ರಾಟೆ ಮುಂದೆ ಕೂತು ನೂಲುತ್ತಿದ್ದಾಳೆ, ಪಕ್ಕದಲ್ಲಿ ನಿಂತ ಮಗು ಪುಸ್ತಕ ಓದುತ್ತಿದೆ. ಆ ಕಾಲದಲ್ಲಿ ಅದೇ ಅವರ ಶಾಲೆ.

ಅಚ್ಚಿನ ಮೊಳೆ ಜೋಡಿಸಿದ ಕೈ ನಿಮ್ಮದು, ನಿಮಗೆ ಇದು ಬೇಗ ತಟ್ಟುತ್ತದೆ. ಮುಂಬೈ ಪ್ರಾಂತ್ಯದ ಕಾಲದಲ್ಲಿ ನಮ್ಮ ಕಡೆ ಶಾಲೆಗಳಲ್ಲಿ ಮರಾಠಿ ನಡೆಯುತ್ತಿದ್ದಾಗ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಎಷ್ಟು ದುಡಿದರು ಅನ್ನೋದು ಗಡಿನಾಡಿನ ನಮಗೆ ಗೊತ್ತು. ನಮಗೆ ಯಾರೂ ಅಕ್ಷರವನ್ನೇ ನಿಷೇಧಿಸಿರಲಿಲ್ಲ. ಅಲ್ಲಿ ಅದೂ ಆಯಿತು.

ಎಷ್ಟು ಜನ ಮಾತಾಡುತ್ತಾರೆ? — ಮುದ್ದೇಬಿಹಾಳ

2011ರ ಜನಗಣತಿಯಲ್ಲಿ ಖಾಸಿ ಭಾಷಿಕರು ಅಂತ ಎಣಿಸಿದವರು 14 ಲಕ್ಷಕ್ಕೂ ಸ್ವಲ್ಪ ಹೆಚ್ಚು. ಅದೇ ಗಣತಿಯಲ್ಲಿ ಬಾಗಲಕೋಟೆ ಜಿಲ್ಲೆಯಲ್ಲೇ 18 ಲಕ್ಷಕ್ಕೂ ಹೆಚ್ಚು ಜನರಿದ್ದರು. ಲಿಥುವೇನಿಯನ್ ಮಾತಾಡುವವರು ಸುಮಾರು 30 ಲಕ್ಷ, ನಮ್ಮ ಬೆಳಗಾವಿ ಜಿಲ್ಲೆಯ ಜನಸಂಖ್ಯೆಯೇ 47 ಲಕ್ಷ ದಾಟಿತ್ತು. ಆದರೂ ಲಿಥುವೇನಿಯನ್ 2004ರಿಂದ ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆ. ಖಾಸಿ ಮೇಘಾಲಯದಲ್ಲಿ ಸಹ ಆಡಳಿತ ಭಾಷೆ, ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಜಾಗ ಕೊಡಿ ಅಂತ ಅಲ್ಲಿಯವರು ಬಹಳ ವರ್ಷದಿಂದ ಕೇಳುತ್ತಿದ್ದಾರೆ. ಕೊಡಬೇಕು ಅನ್ನುವುದೇ ನನ್ನ ಅಭಿಪ್ರಾಯ.

ನನ್ನ ಮಗ ಸೇನೆಯಲ್ಲಿದ್ದಾನೆ, ಈಗ ಶಿಲ್ಲಾಂಗ್‌ಗೆ ವರ್ಗವಾಗಿದೆ. ಅಲ್ಲಿ ಮಾತಾಡಿಸಲು ನಾಲ್ಕು ಮಾತು ಕಲಿಸಿ.
— ತಾಯಿ, ಸವದತ್ತಿ

ಅಮ್ಮಾ, ಮೊದಲು ಕಲಿಯಬೇಕಾದದ್ದು ‘ಖುಬ್ಲೇಯ್’. ಇದರಲ್ಲಿರುವ ‘ಬ್ಲೇಯ್’ ಅಂದರೆ ದೇವರು. ನಮಸ್ಕಾರಕ್ಕೂ ಇದೇ, ಉಪಕಾರ ನೆನೆಯುವುದಕ್ಕೂ ಇದೇ, ಹೊರಡುವಾಗಲೂ ಇದೇ. ನಮ್ಮ ‘ಶರಣ್ರೀ’ ಇದ್ದ ಹಾಗೆ ಅಂದುಕೊಳ್ಳಿ. ಬಹಳ ಉಪಕಾರವಾಯಿತು ಅನ್ನಲು ‘ಖುಬ್ಲೇಯ್ ಶಿಬುನ್’. ಹೇಗಿದ್ದೀರಿ ಅನ್ನಲು ‘ಕುಮ್ನೊ’.

ಸಂತೆಗೆ ಹೋಗುತ್ತಾನಲ್ಲ, ಶಿಲ್ಲಾಂಗಿನ ದೊಡ್ಡ ಮಾರುಕಟ್ಟೆಗೆ ‘ಯೆವ್‌ದುಹ್’ ಅನ್ನುತ್ತಾರೆ. ಖಾಸಿಗಳ ಹಳೆಯ ವಾರಕ್ಕೆ ಎಂಟು ದಿನ, ದಿನಕ್ಕೊಂದು ಊರಿನ ಸಂತೆ, ಸಂತೆಯ ಹೆಸರೇ ದಿನದ ಹೆಸರು. (ಲಿಥುವೇನಿಯದವರು ಸೋಮವಾರಕ್ಕೆ ‘ಮೊದಲ ದಿನ’, ಭಾನುವಾರಕ್ಕೆ ‘ಏಳನೆಯ ದಿನ’ ಅಂತ ಸುಮ್ನೆ ಎಣಿಸಿಬಿಡುತ್ತಾರೆ, ನಾವು ಗ್ರಹಗಳ ಹೆಸರು ಇಟ್ಟಿದ್ದೇವೆ.) ಆ ಸಂತೆಯಲ್ಲಿ ವ್ಯಾಪಾರ ಮಾಡುವವರು ಹೆಚ್ಚಾಗಿ ಹೆಂಗಸರೇ. ಖಾಸಿಗಳಲ್ಲಿ ವಂಶ ನಡೆಯುವುದು ತಾಯಿಯ ಕಡೆಯಿಂದ, ಮನೆ ಬರುವುದು ಕಿರಿಯ ಮಗಳಿಗೆ. ಅವಳಿಗೆ ‘ಖಾತ್‌ದುಹ್’ ಅನ್ನುತ್ತಾರೆ.

ತರಕಾರಿ ಮಾರುವ ಹೆಂಗಸನ್ನು ಕರೆಯುವಾಗ ‘ಕೊಂಗ್’ ಅನ್ನಲಿ, ನಾವು ಅಕ್ಕಾ ಅನ್ನುವ ಹಾಗೆ. ಗಂಡಸರಿಗೆ ‘ಬಾಹ್’, ಅಣ್ಣಾ ಅಂದ ಹಾಗೆ. ಇನ್ನೊಂದು, ‘ಉ’ ಮತ್ತು ‘ಕಾ’ ಅಲ್ಲದೆ ‘ಇ’ ಅನ್ನುವ ಮೂರನೆಯ ಗುರುತು ಇದೆ. ಚಿಕ್ಕ ವಸ್ತುವಿಗೂ ಬಳಸುತ್ತಾರೆ, ಪ್ರೀತಿ ಗೌರವ ಇದ್ದವರಿಗೂ ಬಳಸುತ್ತಾರೆ. ತಾಯಿಗೆ ‘ಇ ಮೇಯ್’. ನಿಮ್ಮ ಮಗ ಫೋನ್ ಮಾಡಿದಾಗ, ಪಕ್ಕದಲ್ಲಿರುವ ಖಾಸಿ ಗೆಳೆಯ ಯಾರ ಫೋನ್ ಅಂತ ಕೇಳಿದರೆ, ಅವನು ಹಾಗೆ ಹೇಳಲಿ.